28ರ ವಯಸ್ಸು, ಕುರ್ಚಿಯ ಕೆಲಸ: ಮೂಳೆಗೆ ನಡಿಗೆ ಸಾಕೇ, ಜಿಗಿಯಲೇಬೇಕೇ?

ಪ್ರಶ್ನೆ: ನನಗೆ 28 ವರ್ಷ. ಎತ್ತರ 154 ಸೆಂ.ಮೀ., ತೂಕ 47 ಕೆ.ಜಿ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ದಿನಕ್ಕೆ ಒಂಬತ್ತು ಹತ್ತು ಗಂಟೆ ಕೂತೇ ಇರುತ್ತೇನೆ. ಕಚೇರಿಯ ಆರೋಗ್ಯ ಶಿಬಿರದಲ್ಲಿ ಹಿಮ್ಮಡಿಯನ್ನು ಒಂದು ಯಂತ್ರದೊಳಗೆ ಇಡಿಸಿ, ‘ಟಿ ಸ್ಕೋರ್ ಮೈನಸ್ 1.7, ಆಸ್ಟಿಯೋಪೀನಿಯಾ’, ಅಂದರೆ ಮೂಳೆಯ ಸಾಂದ್ರತೆ ಕಡಿಮೆ, ಎಂದು ಚೀಟಿ ಕೊಟ್ಟರು, ಕ್ಯಾಲ್ಸಿಯಂ ಮಾತ್ರೆ ತಗೊಳ್ಳಿ ಎಂದರು. ನಮ್ಮಮ್ಮ ಈ ವರ್ಷ, 56ನೇ ವಯಸ್ಸಿನಲ್ಲಿ, ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದಾರೆ, ಹಾಗಾಗಿ ಭಯ ಜಾಸ್ತಿಯಾಗಿದೆ. ವಾರಕ್ಕೆ ನಾಲ್ಕು ದಿನ 40 ನಿಮಿಷ ನಡೆಯುತ್ತೇನೆ, ಶನಿವಾರ ಯೋಗ ಮಾಡುತ್ತೇನೆ. ಇಷ್ಟು ಸಾಲದೇ? ಭಾರ ಎತ್ತು, ಸ್ಕಿಪ್ಪಿಂಗ್ ಮಾಡು ಅಂತ ಗೆಳತಿ ಹೇಳುತ್ತಾಳೆ. ಮದುವೆಯಾದ ಹೆಣ್ಣು ಹಾಗೆಲ್ಲ ಕುಣಿದರೆ ಗರ್ಭಕೋಶ ಜಾರುತ್ತೆ ಅಂತ ಅತ್ತೆ ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಆ ಚೀಟಿಯಿಂದಲೇ ಶುರು ಮಾಡೋಣ, ನಿಮ್ಮ ಅರ್ಧ ಭಯ ಅಲ್ಲಿಂದ ಬಂದದ್ದು. ಹಿಮ್ಮಡಿಯ ಯಂತ್ರ ಮೂಳೆಯೊಳಗೆ ಶಬ್ದದ ಅಲೆ ಹಾಯಿಸಿ, ಅದು ಎಷ್ಟು ವೇಗವಾಗಿ ದಾಟಿತು, ಎಷ್ಟು ಕುಂದಿತು ಎಂದು ನೋಡುತ್ತದೆ. ಕಾಲಿಟ್ಟ ಭಂಗಿ, ಪಾದ ತಣ್ಣಗಿತ್ತೋ ಬೆಚ್ಚಗಿತ್ತೋ ಎಂಬುದರಿಂದಲೂ ಅಂಕಿ ಅತ್ತಿತ್ತ ಆಗುತ್ತದೆ. ಅಷ್ಟನ್ನೇ ನೋಡಿ ಕಾಯಿಲೆಗೆ ಹೆಸರಿಡುವಂತಿಲ್ಲ. ಮೂಳೆಯ ಸಾಂದ್ರತೆ ತಿಳಿಯಬೇಕೆಂದರೆ, ಅಲ್ಪ ಎಕ್ಸ್‌ರೇಯಿಂದ ಮೂಳೆಯ ಖನಿಜ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕು, ಅದೂ ಸೊಂಟದ ಕೀಲು ಮತ್ತು ಬೆನ್ನಿನ ಕೆಳಭಾಗದ್ದು.

ಇನ್ನೊಂದು ತಪ್ಪು ‘ಟಿ ಸ್ಕೋರ್’ ಎಂಬ ಮಾತಿನಲ್ಲೇ ಇದೆ. ಅದು ಆರೋಗ್ಯವಂತ ಯುವತಿಯರ ಸರಾಸರಿಗೆ ಹೋಲಿಸಿ ನೋಡುವ, ಋತುಬಂಧ ದಾಟಿದವರಿಗೆ ಮಾಡಿದ ಅಳತೆ. ಮುಟ್ಟು ಸರಿಯಾಗಿ ಆಗುತ್ತಿರುವ ಯುವತಿಗೆ ನೋಡಬೇಕಾದ್ದು ಝಡ್ ಸ್ಕೋರ್, ಅಂದರೆ ಅದೇ ವಯಸ್ಸಿನ ಇತರ ಹೆಂಗಸರ ಜೊತೆಗಿನ ಹೋಲಿಕೆ. ಅದು ಮೈನಸ್ 2ಕ್ಕಿಂತ ಮೇಲಿದ್ದರೆ ವಯಸ್ಸಿಗೆ ತಕ್ಕ ಮೂಳೆ ಎಂದೇ ಲೆಕ್ಕ. ಮೈನಸ್ 2 ಅಥವಾ ಅದಕ್ಕೂ ಕೆಳಗಿದ್ದರೆ ‘ವಯಸ್ಸಿಗೆ ನಿರೀಕ್ಷಿಸಿದ್ದಕ್ಕಿಂತ ಕಡಿಮೆ’ ಎಂದು ಬರೆಯುತ್ತಾರೆ, ಆಗ ಕಾರಣ ಹುಡುಕಬೇಕು. 28ರ ಹುಡುಗಿಗೆ ಬರೀ ಅಂಕಿ ನೋಡಿ ಆಸ್ಟಿಯೋಪೀನಿಯಾ ಎನ್ನುವುದು ವಾಡಿಕೆಯಲ್ಲ.

ನಿಮ್ಮ ಮೈಕಟ್ಟಿನ ಲೆಕ್ಕವೂ ಇದೆ. ಡೆಕ್ಸಾ ಮೂಳೆಯ ಗಾತ್ರವನ್ನು ಅಳೆಯುವುದಿಲ್ಲ, ಅದರ ನೆರಳಿನ ಅಗಲವನ್ನು ಅಳೆದು ಖನಿಜವನ್ನು ಭಾಗಿಸುತ್ತದೆ. ಚಿಕ್ಕ ಮೂಳೆ ಎಷ್ಟೇ ಗಟ್ಟಿಯಾಗಿದ್ದರೂ ಈ ಭಾಗಾಕಾರದಲ್ಲಿ ಕಡಿಮೆ ಅಂಕ ಪಡೆಯುತ್ತದೆ. ಐದಡಿ ಎತ್ತರದ ಸಣ್ಣ ಮೈಯವರಿಗೆ, ಪಾಶ್ಚಾತ್ಯರ ಸರಾಸರಿಗೆ ಹೋಲಿಸುವ ಯಂತ್ರದಲ್ಲಿ, ಒಂದಿಷ್ಟು ಮೈನಸ್ ಸುಮ್ಮನೆ ಬಂದುಬಿಡುತ್ತದೆ.

ಹಾಗಾದರೆ ನೀವು ಡೆಕ್ಸಾ ಮಾಡಿಸಬೇಕೇ? ಕುತೂಹಲಕ್ಕಾಗಿ ಬೇಡ. ಈ ಕೆಳಗಿನವುಗಳಲ್ಲಿ ಒಂದಾದರೂ ಇದ್ದರೆ ಮಾತ್ರ ವೈದ್ಯರ ಬಳಿ ಮಾತಾಡಿ: ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ನಿಮಗೆ ಮೂಳೆ ಮುರಿದದ್ದು, ಬಸಿರು ಬಾಣಂತನ ಇಲ್ಲದೆ ಮುಟ್ಟು ತಿಂಗಳುಗಟ್ಟಲೆ ನಿಂತದ್ದು, ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಮಾತ್ರೆಯನ್ನು ಮೂರು ತಿಂಗಳಿಗಿಂತ ಹೆಚ್ಚು ನುಂಗಿದ್ದು, ಫಿಟ್ಸ್‌ಗೆ ಫೆನಿಟಾಯಿನ್, ಕಾರ್ಬಮಝೆಪೀನ್ ಥರದ ಔಷಧ, ಥೈರಾಯ್ಡ್ ಹೆಚ್ಚಾಗಿರುವುದು ಅಥವಾ ಥೈರಾಯ್ಡ್ ಮಾತ್ರೆಯ ಪ್ರಮಾಣ ಮೀರಿರುವುದು, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ, ಊಟ ಬಿಟ್ಟು ಬಿಟ್ಟು ತೂಕ ತೀರಾ ಇಳಿಸಿಕೊಂಡ ಇತಿಹಾಸ. ಮೂರು ತಿಂಗಳಿಗೊಮ್ಮೆ ಚುಚ್ಚುವ ಗರ್ಭನಿರೋಧಕ ಇಂಜೆಕ್ಷನ್, ಸರಕಾರಿ ಆಸ್ಪತ್ರೆಗಳಲ್ಲಿ ‘ಅಂತರಾ’ ಎಂದು ಕೊಡುವುದು, ತೆಗೆದುಕೊಳ್ಳುವಷ್ಟು ಕಾಲ ಮೂಳೆಯನ್ನು ಸ್ವಲ್ಪ ಇಳಿಸುತ್ತದೆ, ಬಿಟ್ಟ ಮೇಲೆ ಬಹುಮಟ್ಟಿಗೆ ಮರಳುತ್ತದೆ. ವರ್ಷಗಟ್ಟಲೆ ಹಾಕಿಸಿಕೊಳ್ಳುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ಇವು ಯಾವುವೂ ಇಲ್ಲ ಎಂದುಕೊಂಡು ವ್ಯಾಯಾಮಕ್ಕೆ ಬರುತ್ತೇನೆ. ಅಸಲು ಪ್ರಶ್ನೆ ಅದೇ.

ನಡಿಗೆ ಒಳ್ಳೆಯದು, ಹೃದಯಕ್ಕೆ, ಸಕ್ಕರೆಗೆ, ನಿದ್ದೆಗೆ. ಆದರೆ ನಿಮ್ಮ ವಯಸ್ಸಿನಲ್ಲಿ ಮೂಳೆಗೆ ಅದು ಹೊಸ ಸುದ್ದಿಯೇ ಅಲ್ಲ. ಒಂದನೇ ವಯಸ್ಸಿನಿಂದ ನಡೆಯುತ್ತಿದ್ದೀರಿ, ಅಷ್ಟು ಹೊರೆಗೆ ಬೇಕಾದಷ್ಟು ಮೂಳೆಯನ್ನು ದೇಹ ಆಗಲೇ ಕಟ್ಟಿಟ್ಟಿದೆ. ಹತ್ತು ಸಾವಿರ ಹೆಜ್ಜೆಯನ್ನು ಹದಿನೈದು ಸಾವಿರ ಮಾಡಿದರೂ ಅದಕ್ಕೆ ಬೇರೆ ಅರ್ಥ ಕಾಣುವುದಿಲ್ಲ.

ಯಾಕೆ ಹೀಗೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಮುಂದಿನ ಎಲ್ಲ ಸಲಹೆಯೂ ತಾನಾಗಿ ಅರ್ಥವಾಗುತ್ತದೆ. ಗಟ್ಟಿ ಮೂಳೆಯ ಒಳಗೆ ಆಸ್ಟಿಯೋಸೈಟ್ ಎಂಬ ಕೋಶಗಳು ಸಣ್ಣ ಸಣ್ಣ ಗೂಡುಗಳಲ್ಲಿ ಹುದುಗಿವೆ. ಗೂಡಿನಿಂದ ಗೂಡಿಗೆ ಕೂದಲಿಗಿಂತ ತೆಳುವಾದ ಕಾಲುವೆಗಳು, ಕಾಲುವೆಯ ತುಂಬ ದ್ರವ. ಹೊರೆ ಬಿದ್ದಾಗ ಮೂಳೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ: ನೂರರಲ್ಲಿ ಒಂದು ಭಾಗದ ಹತ್ತನೇ ಒಂದೋ ಎರಡೋ ಪಾಲು, ಅಷ್ಟೇ. ಆ ಬಾಗಿಗೆ ದ್ರವ ಕಾಲುವೆಯಲ್ಲಿ ಸರಕ್ಕನೆ ಹರಿಯುತ್ತದೆ, ಕೋಶಕ್ಕೆ ಸುದ್ದಿ ಮುಟ್ಟುತ್ತದೆ. ‘ಇಲ್ಲಿ ಕಟ್ಟಬೇಡಿ’ ಎಂದು ತಡೆ ಒಡ್ಡುವ ಸ್ಕ್ಲಿರೋಸ್ಟಿನ್ ಎಂಬ ಪ್ರೋಟೀನನ್ನು ಅದು ಕಡಿಮೆ ಮಾಡುತ್ತದೆ, ಕಟ್ಟುವ ಕೋಶಗಳು ಕೆಲಸಕ್ಕಿಳಿಯುತ್ತವೆ. ದ್ರವ ಹರಿಯಬೇಕಾದರೆ ಹೊರೆ ಬಂದು ಹೋಗಬೇಕು, ಬರುವಾಗ ರಭಸವಾಗಿ ಬರಬೇಕು. ಸುಮ್ಮನೆ ಹೊತ್ತು ನಿಂತರೆ ಹರಿವಿಲ್ಲ. ನಿಂತು ಕೆಲಸ ಮಾಡುವ ಎತ್ತರದ ಮೇಜು ಮೂಳೆ ಬೆಳೆಸುತ್ತದೆ ಎಂಬ ಜಾಹೀರಾತನ್ನು ನಂಬಬೇಡಿ. ಅದರಿಂದ ಬೆನ್ನಿಗೆ ಆರಾಮ ಸಿಕ್ಕೀತು, ಮೂಳೆ ಬೆಳೆಯದು.

ಇನ್ನೊಂದು ಗುಣ ವಿಚಿತ್ರ. ಈ ಕೋಶಗಳಿಗೆ ಬಲು ಬೇಗ ಬೇಜಾರಾಗುತ್ತದೆ. 1984ರಲ್ಲಿ ರೂಬಿನ್ ಮತ್ತು ಲ್ಯಾನ್ಯನ್ ಎಂಬ ಸಂಶೋಧಕರು, ಸಹಜ ಹೊರೆ ತಪ್ಪಿಸಿದ್ದ ಹುಂಜದ ರೆಕ್ಕೆಯ ಮೂಳೆಗೆ ದಿನಕ್ಕೆ ಇಂತಿಷ್ಟು ಸಲ ಎಂದು ಹೊರೆ ಕೊಟ್ಟು ನೋಡಿದರು. ನಾಲ್ಕು ಸಲ ಕೊಟ್ಟರೆ ಮೂಳೆ ಸವೆಯುವುದು ನಿಂತಿತು. 36 ಸಲಕ್ಕೆ ಚೆನ್ನಾಗಿ ಬೆಳೆಯಿತು. 360, 1800 ಸಲ ಕೊಟ್ಟರೂ 36ಕ್ಕಿಂತ ಹೆಚ್ಚೇನೂ ಬೆಳೆಯಲಿಲ್ಲ. ಮೂಳೆಗೆ ಕಿವಿ ತೂತಾಗುವಷ್ಟು ಹೇಳಬೇಕಿಲ್ಲ, ನಾಲ್ಕು ಮಾತು ಜೋರಾಗಿ ಹೇಳಿ ಬಿಟ್ಟರೆ ಸಾಕು. ಆಮೇಲೆ ಆರೆಂಟು ಗಂಟೆ ಬಿಡುವು ಕೊಟ್ಟರೆ ಮತ್ತೆ ಕೇಳಿಸಿಕೊಳ್ಳುತ್ತದೆ. ಕುರ್ಚಿಯಲ್ಲಿ ಕೂರುವವರಿಗೆ ಇದು ಸಿಹಿಸುದ್ದಿ: ಒಂದು ಗಂಟೆಯ ಜಿಮ್‌ಗಿಂತ ಬೆಳಗ್ಗೆ ಮೂರು ನಿಮಿಷ, ಸಂಜೆ ಮೂರು ನಿಮಿಷ ಹೊಂದುವುದು ಸುಲಭ.

ಹೆಂಗಸರ ಮೇಲೆ ನಡೆದ ಪರೀಕ್ಷೆಗಳೂ ಇದೇ ದಿಕ್ಕಿನವು. 2010ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನದಲ್ಲಿ ಋತುಬಂಧಕ್ಕೆ ಮುಂಚಿನ ಹೆಂಗಸರು ಆರು ತಿಂಗಳು, ಕುಂಟುವ ದಿನಕ್ಕೆ 50 ಸಲದಂತೆ, ಒಂದೇ ಕಾಲಿನಲ್ಲಿ ಕುಂಟಿ ಜಿಗಿದರು, ಇನ್ನೊಂದು ಕಾಲನ್ನು ಹೋಲಿಕೆಗೆ ಬಿಟ್ಟರು. ದಿನಾ ಕುಂಟಿದವರ ಆ ಕಾಲಿನಲ್ಲಿ ತೊಡೆಮೂಳೆಯ ಕತ್ತು, ಅಂದರೆ ಮುಪ್ಪಿನಲ್ಲಿ ಮುರಿಯುವ ಜಾಗವೇ, ಗಟ್ಟಿಯಾಯಿತು. ವಾರಕ್ಕೆ ಎರಡು ದಿನ ಕುಂಟಿದವರಿಗೆ ಆ ಲಾಭ ಕಾಣಲಿಲ್ಲ. 2015ರಲ್ಲಿ ಅಮೆರಿಕದಲ್ಲಿ 25ರಿಂದ 50 ವಯಸ್ಸಿನವರು 16 ವಾರ ದಿನಕ್ಕೆರಡು ಸಲ, ಸಲಕ್ಕೆ 10 ಅಥವಾ 20 ಜಿಗಿತ, ಪ್ರತಿ ಜಿಗಿತದ ನಡುವೆ 30 ಸೆಕೆಂಡ್ ಬಿಡುವು ಕೊಟ್ಟು ಜಿಗಿದರು. ಸೊಂಟದ ಮೂಳೆಯಲ್ಲಿ ಜಿಗಿಯದವರಿಗಿಂತ ಮೇಲಾದರು. ಈ ಲಾಭಗಳು ಒಂದೆರಡು ಶೇಕಡಾ ಮಟ್ಟದವು, ಬೆಟ್ಟದಷ್ಟಲ್ಲ. ಆದರೆ ಇಪ್ಪತ್ತರ ಕೊನೆಗೆ ಮೂಳೆಯ ಉಳಿತಾಯದ ಗಂಟು ಪೂರ್ತಿಯಾಗಿರುತ್ತದೆ, ಮುಂದೆ ಕಾಯ್ದುಕೊಳ್ಳುವ ಕಾಲ. ಋತುಬಂಧದ ಸುತ್ತಮುತ್ತಲ ಐದಾರು ವರ್ಷಗಳಲ್ಲಿ ಶೇ. 10ರಿಂದ 20ರಷ್ಟು ಕರಗುವ ಗಂಟಿದು. ಈಗ ಸೇರಿದ, ಸೋರದೇ ಉಳಿದ ಪ್ರತಿ ಶೇಕಡಾಕ್ಕೂ ಬೆಲೆ ಇದೆ.

ನಿಮ್ಮ ಅಜ್ಜಿ ಹುಡುಗಿಯಾಗಿದ್ದಾಗ ಅಂಗಳದಲ್ಲಿ ಆಡಿದ ಕುಂಟೆಬಿಲ್ಲೆ ಮೂಳೆಯ ದೃಷ್ಟಿಯಿಂದ ಹೆಚ್ಚುಕಮ್ಮಿ ಇದೇ ಚಿಕಿತ್ಸೆ. ಒಂಟಿ ಕಾಲು, ಗಟ್ಟಿ ನೆಲ, ದಿಕ್ಕು ಬದಲು, ನಡುವೆ ಸರದಿಗೆ ಕಾಯುವ ಬಿಡುವು.

ಈಗ ಕ್ರಮ. ಮೊದಲು ಮೂರು ಪರೀಕ್ಷೆ ಮಾಡಿಕೊಳ್ಳಿ. ಒಂಟಿ ಕಾಲಲ್ಲಿ 30 ಸೆಕೆಂಡ್ ನಿಲ್ಲಬಲ್ಲಿರಾ? ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸುವುದನ್ನು, ಗೋಡೆಗೆ ಬೆರಳು ತಾಗಿಸಿಕೊಂಡು, ಹತ್ತು ಸಲ ಮಾಡಬಲ್ಲಿರಾ? ಕುರ್ಚಿಯಿಂದ ಕೈ ಊರದೆ, ಮಂಡಿ ನೋಯದಂತೆ, 15 ಸಲ ಎದ್ದು ಕೂರಬಲ್ಲಿರಾ? ಮೂರಕ್ಕೂ ಹೌದು ಎಂದರೆ ಜಿಗಿಯಲು ಕಾಲು ತಯಾರಿದೆ. ಇಲ್ಲದಿದ್ದರೆ ಅವನ್ನೇ ನಾಲ್ಕು ವಾರ ಅಭ್ಯಾಸ ಮಾಡಿ.

ಮೊದಲ ಎರಡು ವಾರ ಜಿಗಿತವೇ ಬೇಡ. ತುದಿಗಾಲಲ್ಲಿ ನಿಂತು ಹಿಮ್ಮಡಿಯನ್ನು ‘ಟಕ್’ ಎಂದು ಸದ್ದು ಬರುವಂತೆ ನೆಲಕ್ಕೆ ಬಿಡಿ. 20 ಸಲ, ಬೆಳಗ್ಗೆ ಮತ್ತು ಸಂಜೆ. ಮಂಡಿ ಕೂದಲೆಳೆಯಷ್ಟು ಸಡಿಲವಿರಲಿ, ಬೀಗ ಹಾಕಿದಂತೆ ನೆಟ್ಟಗಿದ್ದರೆ ಪೆಟ್ಟು ಸೊಂಟ ಬಿಟ್ಟು ತಲೆಗೇ ಹೋದಂತಾಗುತ್ತದೆ.

ಮೂರನೇ ವಾರದಿಂದ ಎರಡೂ ಕಾಲಿನ ಜಿಗಿತ. ಹತ್ತು ಸಲ, ಪ್ರತಿ ಜಿಗಿತದ ನಡುವೆ ಹತ್ತರಿಂದ ಹದಿನೈದು ಸೆಕೆಂಡ್ ನಿಲ್ಲಿ. ನೆಲದಿಂದ ನಾಲ್ಕು ಬೆರಳು ಎತ್ತರ ಸಾಕು. ಇಳಿಯುವಾಗ ಪಾದದ ಮುಂಭಾಗ ಮೊದಲು, ಕೂಡಲೇ ಹಿಮ್ಮಡಿ. ಮಂಡಿ ಸ್ವಲ್ಪ ಬಾಗಲಿ, ಒಳಗಡೆ ಮಡಿಸಿಕೊಳ್ಳದಿರಲಿ, ಎರಡನೇ ಬೆರಳಿನ ನೇರಕ್ಕೆ ನಿಲ್ಲಲಿ. ಇಲ್ಲಿ ಇಬ್ಬರ ಹಿತ ಬೇರೆ ಬೇರೆ. ಬೆಕ್ಕಿನ ಹಾಗೆ ಸದ್ದಿಲ್ಲದೆ ಇಳಿದರೆ ಮಂಡಿಗೆ ಸುಖ, ಮೂಳೆಗೆ ಸುದ್ದಿ ಮುಟ್ಟದು. ಮರದ ಕೊರಡಿನ ಹಾಗೆ ಬಿದ್ದರೆ ಮೂಳೆಗೆ ಸುದ್ದಿ ಮುಟ್ಟುತ್ತದೆ, ಮಂಡಿ ಕೂಗುತ್ತದೆ. ನಡುವಿನ ಹದ ಎಂದರೆ ಪಕ್ಕದ ಕೋಣೆಯಲ್ಲಿದ್ದವರಿಗೆ ‘ಏನೋ ಇಟ್ಟರು’ ಎನ್ನುವಷ್ಟು ಸದ್ದು. ಸರಿಯಾಗಿ ಜಿಗಿದಿಳಿದಾಗ ನೆಲ ನಿಮಗೆ ಮೈತೂಕದ ಸುಮಾರು ಮೂರು ಪಟ್ಟು ತಿರುಗಿ ಕೊಡುತ್ತದೆ. 47 ಕೆ.ಜಿ.ಯವರಿಗೆ 140ರ ಆಸುಪಾಸು. ನಡಿಗೆಯಲ್ಲಿ ಅದು 50ರಿಂದ 60 ಅಷ್ಟೇ.

ಏಳನೇ ವಾರಕ್ಕೆ ದಿನಕ್ಕೆರಡು ಸಲ 20 ಜಿಗಿತಕ್ಕೆ ಬನ್ನಿ, ಅದರಲ್ಲಿ ಕೆಲವು ಮುಂದಕ್ಕೆ, ಕೆಲವು ಪಕ್ಕಕ್ಕೆ. ಮೂರು ತಿಂಗಳಾದ ಮೇಲೆ ಕುಂಟುವುದನ್ನು ಸೇರಿಸಿ: ಒಂದೊಂದು ಕಾಲಿಗೆ ಐದು, ವಾರಕ್ಕೆ ಐದರಂತೆ ಏರಿಸುತ್ತಾ ಕಾಲಿಗೆ 40ರಿಂದ 50. ಅದನ್ನೂ ಹತ್ತು ಹತ್ತರ ಕಂತಿನಲ್ಲಿ ಮಾಡಿ, ನಡುವೆ ಉಸಿರು ತಗೊಳ್ಳಿ. ಏರಿಕೆಯ ಬಗ್ಗೆ ಒಂದೇ ಕಟ್ಟುಪಾಡು. ಎತ್ತರ, ಎಣಿಕೆ, ಒಂಟಿ ಕಾಲು, ಈ ಮೂರರಲ್ಲಿ ಒಂದು ವಾರಕ್ಕೆ ಒಂದನ್ನು ಮಾತ್ರ ಬದಲಿಸಿ.

ಹಾಸಿಗೆ, ಟ್ರ್ಯಾಂಪೊಲಿನ್, ದಪ್ಪ ರಬ್ಬರಿನ ನೆಲ ಬೇಡ, ಪೆಟ್ಟನ್ನು ಅವೇ ನುಂಗುತ್ತವೆ. ಗ್ರಾನೈಟಿನ ಮೇಲೆ ಬರಿಗಾಲೂ ಬೇಡ. ತೆಳು ಅಡಿಯ ಕ್ಯಾನ್ವಾಸ್ ಶೂ ಹಾಕಿಕೊಂಡು ಸಿಮೆಂಟ್ ತಾರಸಿ ಅಥವಾ ಟೈಲ್ಸ್ ನೆಲದ ಮೇಲೆ ಯೋಗ ಮ್ಯಾಟ್ ಹಾಸಿಕೊಂಡರೆ ಸರಿ. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಬೆಳಗ್ಗೆ ಆರಕ್ಕೆ ಕುಂಟಿದರೆ ಎರಡನೇ ಮಹಡಿಯವರು ಬಾಗಿಲು ಬಡಿಯುತ್ತಾರೆ, ತಾರಸಿಯೋ ಕಾರ್ ಪಾರ್ಕಿಂಗೋ ವಾಸಿ. ಸ್ಕಿಪ್ಪಿಂಗ್ ಕೆಟ್ಟದ್ದಲ್ಲ, ಆದರೆ ಹಗ್ಗ ದಾಟಲು ಬೇಕಾದಷ್ಟೇ ಎತ್ತರಕ್ಕೆ, ಬಿಡುವಿಲ್ಲದೆ, ನೂರುಗಟ್ಟಲೆ ಸಲ ಜಿಗಿಯುವುದರಿಂದ ಮಂಡಿಯ ಕೆಳಗಿನ ಮುಂಗಾಲಿನ ಮೂಳೆಗೆ ದಣಿವು ಜಾಸ್ತಿ, ಲಾಭ ಅಷ್ಟಿಲ್ಲ. ನಿಮಗೆ ಅದೇ ಇಷ್ಟವೆಂದರೆ ಹತ್ತು ಜಿಗಿದು ನಿಲ್ಲಿ, ಮತ್ತೆ ಹತ್ತು.

ಜಿಗಿತದ ಲಾಭ ಸೊಂಟದ ಕೀಲಿಗೆ ಸಿಗುವಷ್ಟು ಬೆನ್ನಿಗೆ ಸಿಗುವುದಿಲ್ಲ. ಬೆನ್ನಿನ ಮಣಿಗಳಿಗೆ ಭಾರ ಎತ್ತಬೇಕು. ವಾರಕ್ಕೆ ಎರಡು ದಿನ, 35ರಿಂದ 40 ನಿಮಿಷ: ಬಸ್ಕಿ, ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್, ತಲೆಯ ಮೇಲಕ್ಕೆ ಒತ್ತುವುದು, ಬಾಗಿ ಎದೆಯ ಕಡೆಗೆ ಎಳೆದುಕೊಳ್ಳುವುದು. ಒಂದೊಂದೂ ಮೂರು ಸುತ್ತು, ಸುತ್ತಿಗೆ 8ರಿಂದ 10 ಸಲ. ಭಾರ ಎಷ್ಟು ಎಂದರೆ, ಹತ್ತನೆಯದು ಮುಗಿದಾಗ ‘ಇನ್ನೆರಡು ಮಾಡಬಹುದಿತ್ತು, ಮೂರು ಆಗುತ್ತಿರಲಿಲ್ಲ’ ಎನಿಸಬೇಕು. ಎರಡು ಮೂರು ತಿಂಗಳಾದ ಮೇಲೆ ಭಾರ ಏರಿಸಿ, ಸುತ್ತಿಗೆ ಐದಾರು ಸಲಕ್ಕೆ ಇಳಿಸಿ. ಗುಲಾಬಿ ಬಣ್ಣದ ಎರಡು ಕೆ.ಜಿ. ಡಂಬೆಲ್ ಹಿಡಿದು ವರ್ಷಗಟ್ಟಲೆ ಐವತ್ತೈವತ್ತು ಸಲ ಬೀಸುವುದರಿಂದ ಮೂಳೆಗೆ ಏನೂ ಆಗುವುದಿಲ್ಲ. ಹೆಂಗಸರಿಗೆ ಇಷ್ಟೇ ಸಾಕು ಎಂದು ಕೊಡುವ ತರಬೇತುದಾರರು ಇನ್ನೂ ಇದ್ದಾರೆ, ಅವರಿಗೆ ನಿಮ್ಮ ಗುರಿ ಬಾಯಿಬಿಟ್ಟು ಹೇಳಿ.

ನಿಮ್ಮ ಮೈಗೆ ಅಂದಾಜು ಹೀಗೆ: ಡೆಡ್‌ಲಿಫ್ಟ್ 10 ಕೆ.ಜಿ.ಯಿಂದ ಶುರು, ಆರು ತಿಂಗಳಲ್ಲಿ 35ರಿಂದ 45 ತಲುಪುವುದು ಅಸಾಧ್ಯವೇನಲ್ಲ. ಹೆಚ್ಚೆನಿಸಿದರೆ ನೆನೆಯಿರಿ, ಮನೆಗೆ ಬರುವ ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕೆ.ಜಿ. ಎತ್ತುವ ರೀತಿ ಮುಖ್ಯ. ಭಾರ ಮುಂಗಾಲಿಗೆ ತಾಗುವಷ್ಟು ಹತ್ತಿರವಿರಲಿ. ಬೆನ್ನು ಬಾಗಿಸಬೇಡಿ, ಬಾಗಿಲನ್ನು ಕುಂಡಿಯಿಂದ ಹಿಂದಕ್ಕೆ ತಳ್ಳುವಂತೆ ಸೊಂಟವನ್ನು ಹಿಂದೆ ಒಯ್ಯಿರಿ. ಉಸಿರೆಳೆದು ಹೊಟ್ಟೆ ಬಿಗಿ ಮಾಡಿ, ಕಾಲಿನಿಂದ ನೆಲವನ್ನು ಒತ್ತಿ ಏಳಿ. ಮೊದಲ ಕೆಲವು ವಾರ ಬಲ್ಲವರೊಬ್ಬರು ಪಕ್ಕದಲ್ಲಿ ನಿಂತು ನೋಡಲಿ. ಜಿಮ್ ಇಲ್ಲದಿದ್ದರೆ ಐದು ಕೆ.ಜಿ. ಅಕ್ಕಿ ಪೊಟ್ಟಣಗಳನ್ನು ಬೆನ್ನಚೀಲಕ್ಕೆ ತುಂಬುತ್ತಾ ಹೋಗಿ. 20 ಲೀಟರ್ ನೀರಿನ ಕ್ಯಾನ್ ನೋಡಲು ಹೇಳಿ ಮಾಡಿಸಿದಂತಿದೆ, ಆದರೆ ಅದಕ್ಕೆ ಸರಿಯಾದ ಹಿಡಿ ಇಲ್ಲ, ಅರ್ಧ ಖಾಲಿಯಾದರೆ ನೀರು ಒಳಗೆ ತುಳುಕಿ ಬೆನ್ನನ್ನು ಪಕ್ಕಕ್ಕೆ ಎಳೆಯುತ್ತದೆ. ಅಭ್ಯಾಸಕ್ಕೆ ಅದು ಬೇಡ.

ಮಣಿಕಟ್ಟಿನ ಚಿಂತೆ ನಿಮಗಿದೆ, ಅದಕ್ಕೂ ಒಂದು. ಗೋಡೆಯಿಂದ ಎರಡಡಿ ದೂರ ನಿಂತು ಮುಂದಕ್ಕೆ ವಾಲಿ ಅಂಗೈಯಿಂದ ಗೋಡೆ ಹಿಡಿಯಿರಿ, ದೂಡಿ ನೆಟ್ಟಗಾಗಿ. 20 ಸಲ, ವಾರಕ್ಕೆ ಮೂರು ನಾಲ್ಕು ದಿನ. ಗೋಡೆ ಸುಲಭವಾದಾಗ ಅಡುಗೆಮನೆಯ ಕಟ್ಟೆ.

ಯೋಗ ಬಿಡಬೇಡಿ. ಸಮತೋಲ ಮತ್ತು ಮೈಸಡಿಲಕ್ಕೆ ಅದರ ಸಾಟಿ ಇಲ್ಲ, ಬೀಳದಿರುವುದು ಕೂಡ ಮೂಳೆ ಉಳಿಸುವ ದಾರಿಯೇ. ಈಜು ಮತ್ತು ಸೈಕಲ್ ಮೂಳೆಯ ಲೆಕ್ಕದಲ್ಲಿ ಬರುವುದಿಲ್ಲ, ಒಂದರಲ್ಲಿ ನೀರು ಹೊರುತ್ತದೆ, ಇನ್ನೊಂದರಲ್ಲಿ ಸೀಟು. ಆಟವೇ ಇಷ್ಟವಾದರೆ ಥ್ರೋಬಾಲ್ ಅಥವಾ ಬ್ಯಾಡ್ಮಿಂಟನ್. ಹಾರುವುದು, ಗಕ್ಕನೆ ನಿಲ್ಲುವುದು, ದಿಕ್ಕು ತಿರುಗುವುದು ಎಲ್ಲ ಅದರಲ್ಲೇ ಇದೆ. ವಾರಕ್ಕೆ ಎರಡು ಸಂಜೆ ಆಡಿದ ದಿನ ಜಿಗಿತದ ಲೆಕ್ಕ ಬಿಡಬಹುದು. ಕಚೇರಿಯಲ್ಲಿ ಮುಕ್ಕಾಲು ಗಂಟೆಗೊಮ್ಮೆ ಎದ್ದು ಓಡಾಡುವುದು ಸಕ್ಕರೆಗೂ ಸ್ನಾಯುವಿಗೂ ಒಳ್ಳೆಯದು, ಮೂಳೆಗೆಂದರೆ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವಾಗಲೇ ಪೆಟ್ಟು ಹೆಚ್ಚು. ಮೇಲೆ ಲಿಫ್ಟಿನಲ್ಲಿ ಹೋಗಿ ಕೆಳಗೆ ನಡೆದು ಬಂದರೂ ನಾಚಿಕೆಯಿಲ್ಲ.

ಅತ್ತೆಯವರ ಮಾತು ಪೂರ್ತಿ ಗಾಳಿಮಾತಲ್ಲ, ಜಾಗ ತಪ್ಪಿದೆ ಅಷ್ಟೆ. ಗರ್ಭಕೋಶ ಜಾರುವುದು ಅದನ್ನು ಹೊತ್ತ ತಳದ ಸ್ನಾಯುಗಳು ಹಲವು ಹೆರಿಗೆಯಿಂದ, ಬಾಣಂತನ ಮುಗಿಯುವ ಮುಂಚೆ ಹೊರೆ ಹೊತ್ತದ್ದರಿಂದ, ವರ್ಷಗಟ್ಟಲೆ ಕೆಮ್ಮು ಅಥವಾ ಮಲಬದ್ಧತೆಯಿಂದ, ವಯಸ್ಸಿನಿಂದ ಸಡಿಲವಾದಾಗ. ಅವರು ಕಂಡ ಹೆಂಗಸರಲ್ಲಿ ಅದು ನಿಜವೇ ಇದ್ದೀತು. ಹೆರದ, ಆರೋಗ್ಯವಾಗಿರುವ ಹೆಣ್ಣಿಗೆ ನಾಲ್ಕು ಬೆರಳೆತ್ತರದ ಇಪ್ಪತ್ತು ಜಿಗಿತದಿಂದ ಅದು ಆಗುವುದಿಲ್ಲ. ಮದುವೆಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಜಿಗಿಯುವಾಗ ಮೂತ್ರ ಸೋರಿದರೆ, ಕೆಳಗೆ ಏನೋ ಜಗ್ಗಿದಂತೆ ಭಾರವೆನಿಸಿದರೆ ನಿಲ್ಲಿಸಿ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಬಸಿರಾದರೆ ಹೊಸದಾಗಿ ಜಿಗಿತ ಶುರು ಮಾಡುವುದು ಬೇಡ. ಹೆರಿಗೆಯಾಗಿ ಕನಿಷ್ಠ ಮೂರು ತಿಂಗಳು ಕಳೆದು, ಸೋರಿಕೆಯಿಲ್ಲ ಎಂದು ಖಾತ್ರಿಯಾದ ಮೇಲೆ ಮೊದಲ ವಾರದಿಂದ ಮತ್ತೆ. ಹಾಲೂಡಿಸುವಾಗ ಮೂಳೆ ಶೇ. 3ರಿಂದ 7ರಷ್ಟು ಇಳಿಯುವುದು ಸಹಜ, ಮಗು ಹಾಲು ಬಿಟ್ಟ ಮೇಲೆ ಸಾಮಾನ್ಯವಾಗಿ ತುಂಬಿಕೊಳ್ಳುತ್ತದೆ.

ವ್ಯಾಯಾಮ ಎಡವುವುದು ಹೆಚ್ಚಾಗಿ ಎರಡು ಕಡೆ. ಮೊದಲನೆಯದು ಅವಸರ. ಮೂಳೆ ಹಳೆಯದನ್ನು ಕೆಡವಿ ಹೊಸದು ಕಟ್ಟುವ ಒಂದು ಸುತ್ತಿಗೆ ಮೂರರಿಂದ ಆರು ತಿಂಗಳು ಬೇಕು, ಕೆಡವುವ ಕೆಲಸ ಮೊದಲು ನಡೆಯುತ್ತದೆ. ಆ ಹೊತ್ತಿನಲ್ಲಿ ಹೊರೆ ದಿಢೀರ್ ಏರಿಸಿದರೆ ಕೂದಲೆಳೆಯ ಬಿರುಕು ಬರಬಹುದು. ಸ್ನಾಯುನೋವು ಹರಡಿಕೊಂಡು ಎರಡು ದಿನದಲ್ಲಿ ಇಳಿಯುತ್ತದೆ. ಮುಂಗಾಲಿನ ಮೂಳೆ ಅಥವಾ ಪಾದದ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಒತ್ತಿದರೆ ನೋಯುತ್ತಿದ್ದರೆ, ತೊಡೆಸಂದಿಯಲ್ಲಿ ಹೆಜ್ಜೆ ಇಟ್ಟಾಗ ನೋವಿದ್ದರೆ, ರಾತ್ರಿ ಮಲಗಿದಾಗಲೂ ಇದ್ದರೆ, ಅದು ಬೇರೆ. ಜಿಗಿತ ನಿಲ್ಲಿಸಿ ತೋರಿಸಿ. ಮೊದಲ ಎರಡು ಮೂರು ವಾರದ ಎಕ್ಸ್‌ರೇಯಲ್ಲಿ ಆ ಬಿರುಕು ಕಾಣದೆಯೂ ಇರಬಹುದು, ‘ಎಕ್ಸ್‌ರೇ ಸರಿಯಿದೆ’ ಎಂದು ಕುಂಟುವುದನ್ನು ಮುಂದುವರಿಸಬೇಡಿ.

ಎರಡನೆಯದು ಹಸಿವು. ವ್ಯಾಯಾಮ ಶುರು ಮಾಡಿದ ಹುಮ್ಮಸ್ಸಿನಲ್ಲೇ ಊಟ ಇಳಿಸುವವರು ಬಹಳ. ಖರ್ಚು ಹೆಚ್ಚಿ ಆದಾಯ ಕಮ್ಮಿಯಾದರೆ ದೇಹ ಮೊದಲು ಕಡಿತ ಮಾಡುವುದು ಮುಟ್ಟನ್ನು, ಮುಟ್ಟಿನ ಜೊತೆ ಈಸ್ಟ್ರೋಜನ್ ಎಂಬ ಹಾರ್ಮೋನ್ ಇಳಿಯುತ್ತದೆ. ಕೆಡವುವ ಕೋಶಗಳ ಮೇಲೆ ಹಿಡಿತ ಇಟ್ಟಿರುವುದೇ ಈಸ್ಟ್ರೋಜನ್. ಅದಿಲ್ಲದೆ ಎಷ್ಟು ಜಿಗಿದರೂ ತೂತು ಬಿಂದಿಗೆಗೆ ನೀರು ತುಂಬಿದಂತೆ. 47 ಕೆ.ಜಿ. ನಿಮ್ಮ ಎತ್ತರಕ್ಕೆ ಸರಿಯಾದ ತೂಕ, ಇನ್ನೂ ಇಳಿಸುವ ಯೋಚನೆ ಬೇಡ. ಮುಟ್ಟು ಮೂರು ತಿಂಗಳು ತಪ್ಪಿದರೆ, ‘ವ್ಯಾಯಾಮ ಜಾಸ್ತಿ ಆಗಿದೆ, ಸರಿಹೋಗುತ್ತೆ’ ಎಂದು ಕಾಯಬೇಡಿ.

ಊಟದಲ್ಲಿ ಕ್ಯಾಲ್ಸಿಯಂ ಗುರಿ ದಿನಕ್ಕೆ 1000 ಮಿ.ಗ್ರಾಂ. 2020ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹಳೆಯ 600ರಿಂದ ಏರಿಸಿದ್ದು ಇದು. ನಮ್ಮ ಅಡುಗೆಯಲ್ಲಿ ಅದು ಮಾತ್ರೆಯಿಲ್ಲದೆಯೇ ಸಿಗುತ್ತದೆ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350, ಅಂದರೆ 80 ಗ್ರಾಂ ಹಿಟ್ಟಿನ ಒಂದು ಮುದ್ದೆಗೆ 280. ಎರಡು ಸಲದ ಕಾಫಿಗೆ ಒಟ್ಟು 200 ಮಿ.ಲೀ. ಹಾಲು ಹಿಡಿದರೆ 240. ಒಂದು ದೊಡ್ಡ ಬಟ್ಟಲು ಮೊಸರಿಗೆ 180. ಒಂದು ದೊಡ್ಡ ಚಮಚ, ಹತ್ತು ಗ್ರಾಂ, ಸಿಪ್ಪೆಸಮೇತ ಎಳ್ಳಿನ ಚಟ್ನಿಪುಡಿಗೆ 120. ಹಿಡಿ ಹುರುಳಿಯ ಸಾರಿಗೆ 80. ಉಳಿದ ಬೇಳೆ, ಸೊಪ್ಪು, ತರಕಾರಿಯಿಂದ ನೂರು ಚಿಲ್ಲರೆ. ರಾಗಿ ಎಳ್ಳಿನದು ಹಾಲಿನದರಷ್ಟು ಸಲೀಸಾಗಿ ಮೈಗೆ ಹತ್ತುವುದಿಲ್ಲ, ಮೊಳಕೆ ಕಟ್ಟಿದ ರಾಗಿ ವಾಸಿ. ಉತ್ತರ ಕರ್ನಾಟಕದ ಕಡೆಯವರಾದರೆ ಗುರೆಳ್ಳನ್ನು ಎಳ್ಳೆಂದು ಲೆಕ್ಕ ಹಿಡಿಯಬೇಡಿ, ಅದರಲ್ಲಿ ಅಷ್ಟಿಲ್ಲ. ಪಾಲಕ್‌ನಲ್ಲಿ ಇರುವುದನ್ನು ಅದರೊಳಗಿನ ಆಕ್ಸಲೇಟ್ ಹಿಡಿದಿಟ್ಟುಕೊಳ್ಳುತ್ತದೆ, ನುಗ್ಗೆಸೊಪ್ಪು ಮೇಲು. ಪ್ರೋಟೀನ್ ದಿನಕ್ಕೆ 50 ಗ್ರಾಂ ಆದರೂ ಬೇಕು. ಕ್ಯಾಂಟೀನಿನ ಅನ್ನ ಮತ್ತು ತಿಳಿಸಾರಿನಲ್ಲಿ ಅದು ಹುಟ್ಟುವುದಿಲ್ಲ, ಮೊಟ್ಟೆಯೋ ಕಾಳಿನ ಪಲ್ಯವೋ ಪನೀರೋ ಜೊತೆಗಿರಲಿ.

ಕ್ಯಾಲ್ಸಿಯಂ ಊಟದಿಂದ ಆಗದಿದ್ದರೆ ಮಾತ್ರ ಮಾತ್ರೆ, ಒಂದು ಸಲಕ್ಕೆ 500 ಮಿ.ಗ್ರಾಂ ಮೀರದಂತೆ, ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜೊತೆ. ಕಬ್ಬಿಣದ ಮಾತ್ರೆಯ ಜೊತೆ ನುಂಗಬೇಡಿ, ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ.

ವಿಟಮಿನ್ ಡಿ ವಿಷಯದಲ್ಲಿ ಎಳೆಬಿಸಿಲಿನ ನಂಬಿಕೆ ತಪ್ಪು ದಾರಿಗೆ ಎಳೆಯುತ್ತದೆ. ಬೆಳಗ್ಗೆ ಏಳರ ಓರೆ ಬಿಸಿಲಿನಲ್ಲಿ ಬೇಕಾದ ಕಿರಣ ಹೆಚ್ಚೇನೂ ಇರುವುದಿಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತು, ಅಂದರೆ ಹೆಚ್ಚುಕಮ್ಮಿ ಹತ್ತೂವರೆಯಿಂದ ಎರಡೂವರೆ, ಕೆಲಸಕ್ಕೆ ಬರುವ ಬಿಸಿಲು. ಊಟದ ಬಿಡುವಿನಲ್ಲಿ ತೋಳಿಗೆ, ಮುಖಕ್ಕೆ 20 ನಿಮಿಷ, ವಾರದಲ್ಲಿ ಮೂರು ನಾಲ್ಕು ದಿನ. ಕಿಟಕಿಯ ಗಾಜಿನ ಹಿಂದೆ ಕೂತರೆ ಲೆಕ್ಕವಿಲ್ಲ, ಗಾಜು ಆ ಕಿರಣವನ್ನು ತಡೆಯುತ್ತದೆ. ತೊಡೆ, ಪಕ್ಕೆ, ಮುಂಗಾಲು ಎಲ್ಲ ಕಡೆ ಮಂದ ನೋವು, ನೆಲದಿಂದ ಏಳಲು ಕಷ್ಟ ಎಂದಿದ್ದರೆ ರಕ್ತದಲ್ಲಿ ಡಿ ಪ್ರಮಾಣ ನೋಡಿಸಿ. ತೀವ್ರ ಕೊರತೆಯಲ್ಲಿ ಮೂಳೆ ಮೆತ್ತಗಾಗುತ್ತದೆ, ಆಗ ಮೊದಲು ಔಷಧ, ಜಿಗಿತ ಆಮೇಲೆ. 60,000 ಯೂನಿಟ್‌ನ ಪೊಟ್ಟಣವನ್ನು ವಾರಕ್ಕೊಂದರಂತೆ ಎಂಟು ವಾರ ಕೊಡುವುದು ರೂಢಿ. ಎಂಟು ವಾರ ಮುಗಿದ ಮೇಲೂ ಅದೇ ಚೀಟಿ ತೋರಿಸಿ ಅಂಗಡಿಯಿಂದ ತರುತ್ತಲೇ ಇರುವವರಿದ್ದಾರೆ. ಹಾಗೆ ಮಾಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಅತಿ ಬಾಯಾರಿಕೆ, ಮೂತ್ರಪಿಂಡಕ್ಕೆ ಪೆಟ್ಟು.

ಶಿಬಿರದ ಯಂತ್ರದಲ್ಲಿ ಮುಂದಿನ ವರ್ಷ ಮತ್ತೆ ಕಾಲಿಟ್ಟು ‘ಸುಧಾರಿಸಿತೇ’ ಎಂದು ನೋಡಬೇಡಿ. ಡೆಕ್ಸಾ ಮಾಡಿಸಿದವರೂ ವರ್ಷಕ್ಕೆ ಮುಂಚೆ ಮರುಸ್ಕ್ಯಾನ್ ಮಾಡಿಸಿದರೆ, ಬದಲಾವಣೆ ಯಂತ್ರದ ತಪ್ಪಿನ ಅಂತರದೊಳಗೇ ಅಡಗಿರುತ್ತದೆ. ಅದರ ಬದಲು ಎಷ್ಟು ಕೆ.ಜಿ. ಎತ್ತಿದಿರಿ, ಕಾಲಿಗೆ ಎಷ್ಟು ಸಲ ಕುಂಟಿದಿರಿ, ಮುಟ್ಟು ಯಾವ ದಿನ ಬಂತು, ಈ ಮೂರನ್ನು ಬರೆದಿಡಿ.

ಇನ್ನು ನಿಮ್ಮಮ್ಮ. ಇಡೀ ಪ್ರಶ್ನೆಯಲ್ಲಿ ಡೆಕ್ಸಾ ಬೇಕಿರುವುದು ಅವರಿಗೆ. 56ರಲ್ಲಿ, ಬಚ್ಚಲಲ್ಲಿ ಜಾರಿದಷ್ಟಕ್ಕೇ ಮಣಿಕಟ್ಟು ಮುರಿದರೆ ಪಟ್ಟಿ ಬಿಚ್ಚಿ ಮನೆಗೆ ಕಳಿಸಿ ಮುಗಿಸುವ ವಿಷಯವಲ್ಲ, ಮುಂದಿನ ಮುರಿತ ಬೆನ್ನಿನದೋ ಸೊಂಟದ್ದೋ ಆಗುವ ಸಂಭವ ಏರಿರುತ್ತದೆ, ಮೂಳೆ ಉಳಿಸುವ ಔಷಧ ಬೇಕಾಗಬಹುದು. ನಿಮಗೆ ಹೇಳಿದ ಜಿಗಿತ ಅವರಿಗೆ ಬೇಡ. ಸೊಂಟ ಮತ್ತು ಬೆನ್ನಿನ ಸ್ಕ್ಯಾನ್, ಜೊತೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ, ಥೈರಾಯ್ಡ್, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ ಮೂಳೆ ವೈದ್ಯರಿಗೋ ಹಾರ್ಮೋನ್ ತಜ್ಞರಾದ ಎಂಡೋಕ್ರೈನಾಲಜಿಸ್ಟ್‌ಗೋ ತೋರಿಸಿ. ಅಷ್ಟರಲ್ಲಿ ಬಚ್ಚಲಿಗೆ ಒರಟು ಚಾಪೆ, ಗೋಡೆಗೊಂದು ಹಿಡಿಕೆ, ರಾತ್ರಿ ಎದ್ದರೆ ದಾರಿಗೊಂದು ದೀಪ, ಈ ವಾರವೇ ಹಾಕಿಸಿ.